ಏಳು ತಿಂಗಳಿಗೇ ಬಂದವಳು

ಮಗಳು ಹುಟ್ಟಿದ ಮೇಲೆ ಇಪ್ಪತ್ತೆರಡು ದಿನ ನಾನು ಅವಳನ್ನು ಎತ್ತಿಕೊಂಡಿರಲಿಲ್ಲ. ಗಾಜಿನ ಪೆಟ್ಟಿಗೆಯ ಪಕ್ಕದ ತೂತಿನೊಳಗೆ ಕೈ ಹಾಕಿ, ಒಂದೇ ಬೆರಳಿನಿಂದ ಅವಳ ಅಂಗಾಲು ಮುಟ್ಟುವುದಕ್ಕಷ್ಟೇ ಅಪ್ಪಣೆ ಇತ್ತು. ಆ ಅಂಗಾಲು ನನ್ನ ಹೆಬ್ಬೆರಳಿನಷ್ಟೂ ಇರಲಿಲ್ಲ.

ಹೋದ ವರ್ಷ ಕಣ್ಣು ತೋರಿಸಲು ಒಂದು ದವಾಖಾನೆಗೆ ಹೋಗಿದ್ದೆ. ಎದುರಿನ ಬಾಕಿನ ಮೇಲೆ ಇಪ್ಪತ್ತು ವರ್ಷದ ಹುಡುಗಿಯೊಬ್ಬಳು ಕೂತಿದ್ದಳು. ತೊಡೆಯ ಮೇಲೆ ಕೂಸು, ಕೈಯಲ್ಲಿ ಸ್ಕ್ಯಾನಿನ ದೊಡ್ಡ ಲಕೋಟೆ. ಲಕೋಟೆಯನ್ನು ತಿರುವು ಮುರುವು ಮಾಡುತ್ತಿದ್ದಳೇ ಹೊರತು ತೆಗೆದು ನೋಡುತ್ತಿರಲಿಲ್ಲ. ಮಾತಾಡಿಸಬೇಕೆಂದು ಏಳುವಷ್ಟರಲ್ಲಿ ನನ್ನ ಪಾಳಿ ಬಂತು. ಹೊರಗೆ ಬಂದಾಗ ಅವಳಿರಲಿಲ್ಲ. ಅವಳಿಗೆ ಹೇಳಬೇಕೆಂದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಧೈರ್ಯ ಹೇಳಲಿಕ್ಕಲ್ಲ. ನನ್ನ ಹತ್ತಿರ ಆಗಲೂ ಧೈರ್ಯ ಇರಲಿಲ್ಲ.

ನಾನು ಹುಟ್ಟಿ ಬೆಳೆದದ್ದು ಸೇಡಂ. ನಮ್ಮ ಓಣಿಯಲ್ಲಿ ಅರ್ಧ ಮಂದಿ ಮನೆಯೊಳಗೆ ತೆಲುಗು ಮಾತಾಡುವವರು. ಆಡುತ್ತ ಆಡುತ್ತ ನನಗೂ ತೆಲುಗು ಬಂದಿತ್ತು. ಮದುವೆಯಾಗಿ ವಾಡಿಗೆ ಬಂದೆ. ನಮ್ಮವರು ಜೇವರ್ಗಿ ಕಡೆಯವರು, ರೈಲ್ವೆಯಲ್ಲಿ ಸಿಗ್ನಲ್ ರಿಪೇರಿ ಕೆಲಸ. ಸ್ಟೇಶನ್ನಿನ ಹಿಂದೆ ಎರಡು ಕೋಣೆಯ ಕ್ವಾರ್ಟರ್ಸು. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ ನೀಲಮ್ಮ. ನಾನು ದಿನಾ ಬೆಳಿಗ್ಗೆ ಪ್ಯಾಸೆಂಜರ್ ಹಿಡಿದು ಚಿತ್ತಾಪುರಕ್ಕೆ ಹೋಗಿ ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಿ ಸಂಜೆ ಬರುತ್ತಿದ್ದೆ.

ಎಂಬತ್ತರ ದಶಕದ ನಡುವಿನ ಒಂದು ಮಳೆಗಾಲ. ಏಳು ತಿಂಗಳು ತುಂಬಿ ನಾಲ್ಕು ದಿನವಾಗಿತ್ತು. ಮೂರನೆಯ ಇಯತ್ತೆಗೆ ಮಗ್ಗಿ ಹೇಳಿಸುತ್ತ ನಿಂತಿದ್ದೆ. ಕಾಲ ಗುಂಟ ಬೆಚ್ಚಗೆ ನೀರು ಇಳಿಯಿತು. ಹುಡುಗರ ಮುಂದೆ ಹೇಗೆ ಅಲ್ಲಾಡಲಿ ಎಂದು ತಿಳಿಯದೆ ಹದಿನಾಲ್ಕರ ಮಗ್ಗಿ ಪೂರ್ತಿ ಮುಗಿಯುವ ತನಕ ನಿಂತೇ ಇದ್ದೆ. ಆಮೇಲೆ ಹೆಡ್ಮಾಸ್ತರರ ಹೆಂಡತಿ ಬಂದು ಕರೆದುಕೊಂಡು ಹೋದರು. ಒಂದು ಜೀಪು, ಆಮೇಲೆ ಗುಲ್ಬರ್ಗಾದ ದವಾಖಾನೆ. ಸಂಜೆ ಐದಕ್ಕೆ ಹೆರಿಗೆ. ಒಂದು ಕಿಲೋ ಇನ್ನೂರು ಗ್ರಾಂ. ಅಳುವ ಸಪ್ಪಳವೇ ಕೇಳಲಿಲ್ಲ. ಬಟ್ಟೆಯಲ್ಲಿ ಏನೋ ಸುತ್ತಿಕೊಂಡು ನರ್ಸು ಓಡಿದ್ದು ಮಾತ್ರ ಕಂಡಿತು.

ಗಾಜಿನ ಪೆಟ್ಟಿಗೆ ಆ ವಾರ್ಡಿಗೆ ಒಂದೇ. ಅದರಲ್ಲಿ ಆಗಲೇ ಚಿಂಚೋಳಿ ಕಡೆಯ ಒಂದು ಗಂಡು ಕೂಸಿತ್ತು. ನಮ್ಮದನ್ನೂ ಅದರ ಪಕ್ಕಕ್ಕೆ ಮಲಗಿಸಿದರು. ಮೂಗಿನಲ್ಲಿ ನಳಿಗೆ, ಎದೆ ಮೇಲೆ ಹತ್ತಿ. ಚರ್ಮದ ಒಳಗಿನ ನರ ಒಂದೊಂದೂ ಕಾಣುತ್ತಿತ್ತು. ಅಲ್ಲಿನ ಹಿರಿಯ ನರ್ಸನ್ನು ಎಲ್ಲರೂ ದೊಡ್ಡಕ್ಕ ಅನ್ನುತ್ತಿದ್ದರು. ಅವರೇ ನನಗೆ ಬೆರಳಿನ ಕೆಲಸ ಕಲಿಸಿದ್ದು.

“ಇವು ಒಮ್ಮೊಮ್ಮೆ ಉಸಿರು ತಗೊಳ್ಳೂದೇ ಮರೀತಾವವ್ವ. ಮೈ ನೀಲಿ ಆತು ಅಂದ್ರ ಅಂಗಾಲಿಗಿ ಬೆರಳಿಂದ ಹಿಂಗ ಫಟ್ ಅಂತ ಹೊಡಿ. ನೆನಪಾಗ್ತದ. ಅಳಕೋತ ಕುಂದ್ರಬ್ಯಾಡ, ನೋಡ್ಕೋತ ಕುಂದ್ರು.”

ನೋಡುತ್ತ ಕೂತೆ. ಹದಿಮೂರನೆಯ ದಿನ ಪಕ್ಕದ ಗಂಡು ಕೂಸು ಹೋಯಿತು. ಅದರ ಅಂಗಾಲಿಗೂ ದೊಡ್ಡಕ್ಕ ಎಷ್ಟೋ ಸಲ ಹೊಡೆದರು. ಅದರ ತಾಯಿ ಹೊರಗೆ ವರಾಂಡದಲ್ಲಿ ರೊಟ್ಟಿ ತಿನ್ನುತ್ತಿದ್ದಳು. ಅವಳನ್ನು ಕರೆಯಲು ಹೋಗಬೇಕಾದವಳು ನಾನು. ಕರೆಯಲಿಲ್ಲ. ಅವಳು ತಿಂದು ಮುಗಿಸಲಿ ಎಂದು ಬಾಗಿಲಲ್ಲಿ ನಿಂತೆ. ಅವಳು ನನ್ನ ಮುಖ ನೋಡಿದಳು, ಕೈಯಲ್ಲಿದ್ದ ತುತ್ತು ಗಂಗಾಳದೊಳಗೆ ಇಟ್ಟಳು.

ಅತ್ತೆ ಮೊದಲ ಸಲ ಬಂದು ಗಾಜಿನಾಚೆಯಿಂದ ಕೂಸನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, “ಭಾಳ ಮನಸಿಗಿ ಹಚ್ಕೋಬ್ಯಾಡ ಸುಶೀಲಾ,” ಅಂದರು. ಅಷ್ಟೇ. ನನ್ನ ಮೈಗೆ ಬೆಂಕಿ ಬಿದ್ದ ಹಾಗಾಯಿತು. ಹೆತ್ತವಳಿಗೆ ಹೀಗನ್ನುತ್ತಾರೆಯೇ? ಆವತ್ತಿನಿಂದ ಅವರನ್ನು ನಾನು ಒಳಗೊಳಗೇ ದ್ವೇಷಿಸತೊಡಗಿದೆ.

ನಲವತ್ತು ದಿನಕ್ಕೆ ಮನೆಗೆ ಬಂದೆವು. ವಾಡಿಯಲ್ಲಿ ಸಿಮೆಂಟಿನ ಪುಡಿ ಕಿಟಕಿಯ ಕಟ್ಟೆ, ಗಂಗಾಳ, ಹಾಸಿಗೆ ಎಲ್ಲದರ ಮೇಲೂ ಕೂರುತ್ತದೆ. ಕೂಸಿನ ಸುತ್ತ ಮೂರು ಕಡೆ ಹಸಿ ಸೀರೆ ಕಟ್ಟಿದೆವು. ಚಮಚದ ತುದಿಯಿಂದ ಹನಿ ಹನಿ ಹಾಲು. ಒಂದು ಸಲ ಕುಡಿಸಲು ಒಂದು ತಾಸು. ಮುಗಿಯುವಷ್ಟರಲ್ಲಿ ಮುಂದಿನದು ಶುರು. ತೊಟ್ಟಿಲ ಶಾಸ್ತ್ರದ ಮಾತು ಬಂದಾಗ ಅತ್ತೆ ಖಡಾಖಂಡಿತವಾಗಿ ಬೇಡ ಅಂದರು.

“ವರ್ಷ ತುಂಬಲಿ. ಆಮ್ಯಾಲ ಹೆಸರಿಡೂಣು.”

ದವಾಖಾನೆಯ ಚೀಟಿಯಲ್ಲಿ ‘ಸುಶೀಲಾಬಾಯಿಯ ಕೂಸು’ ಎಂದಿತ್ತು. ಮನೆಯಲ್ಲೂ ಅದು ಬರೀ ಕೂಸಾಗಿಯೇ ಉಳಿಯಿತು.

ರಜೆ ಮುಗಿದು ನಾನು ಶಾಲೆಗೆ ಹೋಗತೊಡಗಿದಾಗ ದಿನವಿಡೀ ಅದನ್ನು ನೋಡಿಕೊಂಡವರು ಅತ್ತೆಯೇ. ಮೊದಲು ಗೊತ್ತಾದದ್ದೂ ಅವರಿಗೇ. ಏಳನೆಯ ತಿಂಗಳು. ಭಾನುವಾರ ಎರೆಯಲು ಕಾಲ ಮೇಲೆ ಹಾಕಿಕೊಂಡವರು ನನ್ನನ್ನು ಕರೆದರು.

“ಇಲ್ಲಿ ನೋಡು. ನೀರು ಬಿದ್ದಕೂಡ್ಲೇ ಎರಡೂ ಕಾಲು ಕತ್ತರಿ ಹಾಕ್ತಾವ. ಬಿಡಸ್ಲಿಕ್ಕಿ ಹೋದ್ರ ಕಟ್ಟಿಗಿ ಆಗ್ತಾವ.”

ನಾನು ಬಿಡಿಸಿ ನೋಡಿದೆ. ಆ ಸಣ್ಣ ಕಾಲುಗಳಲ್ಲಿ ಅಷ್ಟು ಬಲ ಎಲ್ಲಿಂದ ಬಂತೋ. ಕತ್ತು ಇನ್ನೂ ನಿಂತಿರಲಿಲ್ಲ. ಪಕ್ಕದ ಕ್ವಾರ್ಟರ್ಸಿನ ಖಾಜಾಬಿಯ ಮೊಮ್ಮಗ ಅದೇ ತಿಂಗಳು ಹುಟ್ಟಿದವನು, ಆಗಲೇ ಕೂತು ತಟ್ಟೆ ಬಡಿಯುತ್ತಿದ್ದ. ನಾನು ಖಾಜಾಬಿಯ ಮನೆಗೆ ಹೋಗುವುದನ್ನು ಬಿಟ್ಟೆ. ಅವರು ಮಾತ್ರ ಮೊಮ್ಮಗನನ್ನು ಮನೆಯಲ್ಲಿ ಬಿಟ್ಟು ಒಬ್ಬರೇ ಬಂದು, ಮಾತಿಲ್ಲದೆ ನಮ್ಮ ಕೂಸಿನ ಅರಿವೆ ಒಗೆದು ಹಾಕಿ ಹೋಗುತ್ತಿದ್ದರು.

ಗುಲ್ಬರ್ಗಾದ ಮಕ್ಕಳ ಡಾಕ್ಟರು ಕೂಸನ್ನು ಮೇಲೆತ್ತಿ, ಮಗ್ಗುಲಾಗಿಸಿ, ಮೊಣಕಾಲು ತಟ್ಟಿ ನೋಡಿದರು. “ಹೈದರಾಬಾದಿನ್ಯಾಗ ತಲೀ ಒಳಗಿನ ಫೋಟೋ ತಗಿಯೂ ಮಷಿನ್ ಬಂದದ. ಒಮ್ಮೆ ಹೋಗಿ ತಗಿಸ್ಕೊಂಡು ಬರ್ರಿ,” ಅಂದರು. ಯಾಕೆ ಎಂದು ನಮ್ಮವರು ಕೇಳಿದರು. “ನೋಡೂಣು ಹೋಗ್ರಿ,” ಅಂದರು. ಈ ‘ನೋಡೂಣು’ ಎಂಬ ಮಾತನ್ನು ನಾನು ಆಮೇಲೆ ಎಷ್ಟು ಡಾಕ್ಟರುಗಳ ಬಾಯಲ್ಲಿ ಕೇಳಿದೆನೋ.

ಮಾರ್ಚಿನಲ್ಲಿ ಹೋದೆವು. ರೈಲು ಚಿತ್ತಾಪುರ, ಸೇಡಂ ದಾಟಿ ತಾಂಡೂರಿನ ಕಡೆ ಹೊರಳಿತು. ಸೇಡಂ ಸ್ಟೇಶನ್ನಿನಲ್ಲಿ ನನ್ನ ಅವ್ವ ಬುತ್ತಿ ಹಿಡಿದು ನಿಂತಿದ್ದಳು. ಕಿಟಕಿಯಿಂದ ಬುತ್ತಿ ಕೊಟ್ಟು ಕೂಸಿನ ತಲೆ ಸವರಿದಳು. ತಲೆಯ ಒಳಗೆ ಏನಿದೆಯೋ ಎಂದು ನೋಡಲು ಹೊರಟವರ ಕೂಸಿನ ತಲೆ ಅದು. ಅವಳ ಕೈ ಅಲ್ಲೇ ನಿಂತುಬಿಟ್ಟಿತು, ರೈಲು ಜಗ್ಗುವ ತನಕ.

ಹೈದರಾಬಾದಿನ ಆ ದವಾಖಾನೆಯಲ್ಲಿ ಮಷಿನ್ನಿನ ಕೋಣೆಯ ಹೊರಗೆ ಒಂದು ಉದ್ದನೆಯ ಓಣಿ, ಎರಡೂ ಕಡೆ ಬಾಕು. ಕೂಸು ಅಲ್ಲಾಡಿದರೆ ಫೋಟೋ ಬರುವುದಿಲ್ಲವಂತೆ, ಮಲಗಿಸಲು ಔಷಧ ಕೊಟ್ಟರು. ನಮ್ಮದು ಮಲಗಲಿಲ್ಲ. ಇನ್ನೊಂದು ಚಮಚ ಕೊಟ್ಟರು. ಕಾರಿತು. ಹತ್ತಕ್ಕೆ ಬಂದವರು ಮಧ್ಯಾಹ್ನ ಎರಡಾದರೂ ಅಲ್ಲೇ. ನಮ್ಮ ಹಿಂದೆ ಬಂದವರೆಲ್ಲ ಒಳಗೆ ಹೋಗಿ ಹೊರಗೆ ಬಂದರು. ಬೇಡವೆನ್ನುವಷ್ಟು ಮಲಗುತ್ತಿದ್ದ ಕೂಸು ಆವತ್ತು ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ಮೇಲಿನ ಫ್ಯಾನು ನೋಡುತ್ತಿತ್ತು.

ಎದುರಿಗಿದ್ದ ಒಬ್ಬ ಮುದುಕಿ ಎದ್ದು ಬಂದಳು. ತಲೆಗೆ ಪಟ್ಟಿ ಕಟ್ಟಿದ್ದ ಗಂಡನನ್ನು ಕರೆದುಕೊಂಡು ಬಂದವಳು. ತೆಲುಗಿನಲ್ಲಿ, “ಇಲ್ಲಿ ಕೊಡಮ್ಮ. ನಿನ್ನ ಎದೆ ಡವಡವ ಅನ್ನುತ್ತಿದೆ. ಅದರ ಕಿವಿ ಅಲ್ಲೇ ಇದೆ. ಹೇಗೆ ಮಲಗುತ್ತದೆ?” ಅಂದಳು. ತನ್ನ ಎದೆಗೆ ಹಾಕಿಕೊಂಡು ಓಣಿಯ ಈ ತುದಿಯಿಂದ ಆ ತುದಿಗೆ ನಡೆದಳು. ಮೂರನೆಯ ಸುತ್ತಿಗೆ ಕೂಸು ಮಲಗಿತು. ಅವಳ ಊರನ್ನೂ ಹೆಸರನ್ನೂ ನಾನು ಕೇಳಲಿಲ್ಲ.

ಒಳಗೆ ಹೋಗುವ ಮುಂಚೆ ಟೇಬಲ್ಲಿನ ಗುಮಾಸ್ತ ಕೂಸಿನ ಹೆಸರು ಕೇಳಿದ.

“ಹೆಸರಿಟ್ಟಿಲ್ರಿ,” ಅಂದರು ನಮ್ಮವರು.

ಫೋಟೋದ ಮೇಲೆ ಹೆಸರು ಬೀಳಲೇಬೇಕು, ಇಲ್ಲದಿದ್ದರೆ ಅದಲುಬದಲಾಗುತ್ತದೆ ಎಂದು ಅವನು ಹಿಂದಿಯಲ್ಲಿ ರೇಗಿದ. ನಮ್ಮವರು ನನ್ನ ಕಡೆ ನೋಡಿದರು. ಅತ್ತೆಯ ಮಾತು ಇಬ್ಬರಿಗೂ ನೆನಪಿತ್ತು. ನನಗೆ ಸಿಟ್ಟು ಬಂತು. ಯಾರ ಮೇಲೆಂದು ಗೊತ್ತಿಲ್ಲ. “ಭಾಗೀರಥಿ,” ಅಂದೆ. ನನ್ನ ಅಜ್ಜಿಯ ಹೆಸರು. ಅಷ್ಟುದ್ದ ಹಿಡಿಯುವುದಿಲ್ಲ ಎಂದು ಅವನು ‘ಭಾಗ್ಯ’ ಎಂದು ಬರೆದುಕೊಂಡ. ನನ್ನ ಮಗಳ ಹೆಸರು ಲೋಕದಲ್ಲಿ ಮೊದಲು ಬರೆದದ್ದು ಅವಳ ತಲೆಯ ಫೋಟೋದ ಮೂಲೆಯಲ್ಲಿ, ಸಣ್ಣ ಬಿಳಿ ಅಕ್ಷರಗಳಲ್ಲಿ.

ಸಂಜೆಗೆ ಡಾಕ್ಟರರ ಕೋಣೆ. ದೀಪದ ಹಲಗೆಯ ಮೇಲೆ ದೊಡ್ಡ ಕಪ್ಪು ಹಾಳೆ ಸಿಗಿಸಿದರು. ಅದರ ತುಂಬ ಸಾಲುಸಾಲಾಗಿ ಅವಳ ತಲೆ, ಉಳ್ಳಾಗಡ್ಡಿ ಹೆಚ್ಚಿ ಹರವಿದ ಹಾಗೆ. ನಡುವೆ ಎರಡು ಕಪ್ಪು ಕಲೆ. ಒಂದೊಂದು ಚಿತ್ರದಲ್ಲಿ ಅವು ಅಗಲವಾಗುತ್ತ ಹೋಗಿದ್ದವು. ಯಾವುದು ಇರಬೇಕಾದದ್ದು, ಯಾವುದು ಇರಬಾರದ್ದು, ನನಗೆ ಹೇಗೆ ತಿಳಿಯಬೇಕು? ಹಿರಿಯ ಡಾಕ್ಟರು ಪೆನ್ನಿನ ತುದಿಯಿಂದ ಆ ಕಲೆಗಳ ಅಂಚನ್ನು ತೋರಿಸುತ್ತ, ಪಕ್ಕದಲ್ಲಿ ನಿಂತಿದ್ದ ಕಿರಿಯ ಡಾಕ್ಟರಿಗೆ ತೆಲುಗಿನಲ್ಲಿ ಮೆಲ್ಲಗೆ ಅಂದರು:

“ಈ ಪಾಪ ನಡವದು. ಇಪ್ಪುಡೇ ಚೆಪ್ಪೊದ್ದು.”

ಈ ಮಗು ನಡೆಯುವುದಿಲ್ಲ. ಈಗಲೇ ಹೇಳಬೇಡ.

ನಾವು ಕನ್ನಡದವರು, ನಮಗೆ ತಿಳಿಯುವುದಿಲ್ಲ ಎಂದು ಅವರು ಅಂದುಕೊಂಡಿದ್ದರು. ಆಮೇಲೆ ನಮ್ಮ ಕಡೆ ತಿರುಗಿ ಹಿಂದಿಯಲ್ಲಿ, ಹುಟ್ಟುವಾಗ ತಲೆಯಲ್ಲಿ ಸ್ವಲ್ಪ ಗಾಯವಾಗಿದೆ, ದಿನಾ ಕೈಕಾಲಿಗೆ ಕಸರತ್ತು ಮಾಡಿಸಿ, ಆರು ತಿಂಗಳು ಬಿಟ್ಟು ಬನ್ನಿ ಎಂದರು. ಕೆಟ್ಟವರಲ್ಲ. ಕೂಸಿನ ಕೆನ್ನೆ ಮುಟ್ಟಿಯೇ ಕಳಿಸಿದರು.

ಮರುದಿನ ಬೆಳಿಗ್ಗೆಯ ರೈಲಿನಲ್ಲಿ ನಮ್ಮವರ ಮುಖ ಅರಳಿತ್ತು. ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಿಟಕಿಯ ಹೊರಗೆ ತೋರಿಸುತ್ತಿದ್ದರು.

“ಕೇಳಿದೇನು ನೀ? ದೊಡ್ಡ ಡಾಕ್ಟರು ಆ ಸಣ್ಣಾತಗ ಅಂದ್ರಲ್ಲ, ‘ನಡವದು’ ಅಂತ. ನಂಗ ತೆಲುಗು ಬರದಿದ್ರ ಏನಾತು, ಅಷ್ಟು ತಿಳೀತು. ನಡೀತದ ನಮ್ ಕೂಸು! ತಡ ಆಗ್ತದ, ಆದ್ರ ನಡೀತದ.”

ಜೇವರ್ಗಿಯ ಕಿವಿಗೆ ಆ ಮಾತು ಕನ್ನಡದ ‘ನಡೆವುದು’ ಆಗಿ ಕೇಳಿತ್ತು. ಆಗಲೇ ಬಾಯಿ ಬಿಡಬೇಕಿತ್ತು ನಾನು. ಬಿಡಲಿಲ್ಲ. ಏಳೆಂಟು ತಿಂಗಳಿಂದ ಆ ಮನುಷ್ಯ ನಕ್ಕಿರಲಿಲ್ಲ. “ಹೌದು, ನಾನೂ ಕೇಳಿದೆ,” ಅಂದೆ. ಅದು ಸುಳ್ಳೂ ಅಲ್ಲ.

ವಾಡಿಗೆ ಬಂದ ಮೇಲೆ ಅವರು ಕಂಡಕಂಡವರಿಗೆ ಹೇಳಿಕೊಂಡು ತಿರುಗಿದರು. ಸ್ಟೇಶನ್ನಿನ ಕ್ಯಾಬಿನ್ನಿನಲ್ಲಿ, ಚಹಾದ ಅಂಗಡಿಯಲ್ಲಿ, ಖಾಜಾಬಿಯ ಗಂಡನಿಗೆ. ಶಹಾಬಾದಿಗೆ ಹೋಗಿ ಬೆಳ್ಳಿಯ ಗೆಜ್ಜೆ ಮಾಡಿಸಿಕೊಂಡು ಬಂದು ತಾವೇ ಕೂಸಿನ ಕಾಲಿಗೆ ಕಟ್ಟಿದರು. ಗೆಜ್ಜೆ ಸಪ್ಪಳ ಮಾಡಲಿಲ್ಲ. ಸಪ್ಪಳ ಬರಬೇಕಾದರೆ ಕಾಲು ಆಡಬೇಕಲ್ಲ. ದಿನಾ ಶಾಲೆಯಿಂದ ಬಂದವಳಿಗೆ ಆ ಗೆಜ್ಜೆ ಕಟ್ಟಿದ ನೆಟ್ಟಗಿನ ಕಾಲುಗಳು ಮೊದಲು ಕಾಣುತ್ತಿದ್ದವು. ಒಬ್ಬಳೇ ಹೊತ್ತುಕೊಂಡ ಮಾತು ಒಳಗೇ ಕೊಳೆಯಿತು. ಹಸಿವಿಲ್ಲ, ಅಳುವಿಲ್ಲ. ಹುಡುಗರು ಅಂಗಳದಲ್ಲಿ ಓಡತೊಡಗಿದರೆ ಎದ್ದು ಕಿಟಕಿ ಹಾಕುತ್ತಿದ್ದೆ. ಇವಳು ದೊಡ್ಡವಳಾದರೆ ಯಾರು ಎತ್ತಬೇಕು? ನಾನು ಸತ್ತರೆ ಯಾರು ತೊಳೆಯಬೇಕು? ಈ ಎರಡು ಪ್ರಶ್ನೆ ಬಿಟ್ಟರೆ ನನ್ನ ತಲೆಯಲ್ಲಿ ಬೇರೇನೂ ಇರಲಿಲ್ಲ.

ಇಲ್ಲಿಂದ ಮುಂದಿನದನ್ನು ಬರೆಯಲೋ ಬೇಡವೋ ಎಂದು ಬಹಳ ದಿನ ಯೋಚಿಸಿದ್ದೇನೆ. ಬರೆಯದಿದ್ದರೆ ಉಳಿದದ್ದೆಲ್ಲ ಬರೆದೂ ಪ್ರಯೋಜನವಿಲ್ಲ.

ಮೇ ತಿಂಗಳು, ಶಾಲೆಗೆ ರಜೆ. ವಾಡಿಯ ಬಿಸಿಲು ಗೋಡೆಯೊಳಗಿಂದ ಬರುತ್ತಿತ್ತು. ಭಾಗ್ಯಳಿಗೆ ಹಿಂದಿನ ದಿನದಿಂದ ವಾಂತಿ ಭೇದಿ. ಹತ್ತು ನಿಮಿಷಕ್ಕೊಮ್ಮೆ ಎರಡು ಚಮಚ ಉಪ್ಪು ಸಕ್ಕರೆಯ ನೀರು ಹಾಕುತ್ತಲೇ ಇರಿ, ಬಿಟ್ಟರೆ ಕೂಸು ಉಳಿಯುವುದಿಲ್ಲ ಎಂದು ರೈಲ್ವೆ ದವಾಖಾನೆಯ ಡಾಕ್ಟರು ಹೇಳಿ ಕಳಿಸಿದ್ದರು. ನಮ್ಮವರು ಡ್ಯೂಟಿಗೆ ಹೋಗಿದ್ದರು. ಬೆಳಗಿನಿಂದ ಕುಡಿಸಿ ಕುಡಿಸಿ ಅತ್ತೆಗೆ ಸಾಕಾಗಿ ಒಳಗಿನ ಕೋಣೆಯಲ್ಲಿ ಒರಗಿದ್ದರು. ಚಮಚ ನನ್ನ ಕೈಗೆ ಬಂತು.

ಎರಡು ಸಲ ಹಾಕಿದೆ. ಮೂರನೆಯ ಸಲಕ್ಕೆ ಚಮಚವನ್ನು ನೀರಿದ್ದ ವಾಟಗದಲ್ಲಿ ಇಟ್ಟೆ.

ಏನೂ ಮಾಡಬೇಕಾಗಿರಲಿಲ್ಲ ನಾನು. ಸುಮ್ಮನೆ ಕೂತರೆ ಸಾಕಿತ್ತು. ಗೋಡೆಯ ಗಡಿಯಾರ ನೋಡಿದೆ. ಹತ್ತು ನಿಮಿಷ ಹೋಯಿತು. ಇಪ್ಪತ್ತು. ಅವಳ ತುಟಿ ಒಣಗಿ ಬಿಳಿಯಾಯಿತು. ನಾಲಿಗೆ ಹೊರಗೆ ಬಂದು ತುಟಿ ಸವರಿ ಒಳಗೆ ಹೋಯಿತು. ಕಣ್ಣು ನನ್ನ ಮೇಲೇ ಇತ್ತು. ಅಳಲಿಲ್ಲ. ಅಳಲು ಅವಳಲ್ಲಿ ನೀರಿರಲಿಲ್ಲ. ಹೋಗಿಬಿಡು ತಾಯಿ, ಅಂದೆ ಮನಸ್ಸಿನಲ್ಲಿ. ನಿನಗೂ ಬಿಡುಗಡೆ, ನನಗೂ. ನೆತ್ತಿಯ ಮೆತ್ತನೆಯ ಜಾಗ ತಗ್ಗಾಗಿ ಕೂತಿತ್ತು. ನೋಡುತ್ತ ನೋಡುತ್ತ ಮುಕ್ಕಾಲು ತಾಸಾಯಿತು.

ಅತ್ತೆ ಯಾವಾಗ ಬಂದು ಬಾಗಿಲಲ್ಲಿ ನಿಂತರೋ ಗೊತ್ತಿಲ್ಲ. ತುಂಬಿದ ವಾಟಗ ನೋಡಿದರು. ಅದರಲ್ಲಿ ಎರಡು ಇರುವೆ ಬಿದ್ದಿದ್ದವು. ನನ್ನ ಮುಖ ನೋಡಿದರು. ಬೈಯಲಿಲ್ಲ. ವಾಟಗ ಚೆಲ್ಲಿ ಬಂದು ಹೊಸದಾಗಿ ನೀರು ಕಲಸಿ, ಕೂಸನ್ನು ತೊಡೆಗೆ ಹಾಕಿಕೊಂಡು ಹನಿ ಬಿಡತೊಡಗಿದರು. ಒಂದು, ಎರಡು, ಮೂರು ಚಮಚ. ಗಂಟಲಲ್ಲಿ ಗುಟುಕು ಇಳಿಯುವ ಸಪ್ಪಳ ಕೇಳಿತು. ತಲೆ ಎತ್ತದೆ ಅವರು ಮಾತಾಡಿದರು.

“ನಿನ್ನ ಗಂಡನ ಬೆನ್ನಿಗಿ ಒಂದು ಹುಟ್ಟಿತ್ತು. ಇದರಂಗೇ, ತಿಂಗಳು ತುಂಬಿರಲಿಲ್ಲ. ಹತ್ತಿಯೊಳಗ ಸುತ್ತಿ ಇಟ್ಟಿದ್ದೆ. ಗೌರಿ ಅಂತ ಹೆಸರಿಟ್ಟಿದ್ದೆ. ನಾನೂ ಒಂದಿನ ಹಿಂಗೇ ಕುಂತಿದ್ದೆ, ಸುಶೀಲಾ.”

ಅವರು ಇನ್ನೊಂದು ಚಮಚ ಬಿಟ್ಟರು.

“ನನ್ನ ಮನ್ಯಾಗ ಯಾರೂ ಎದ್ದು ಬರಲಿಲ್ಲ,” ಅಂದರು. “ಹೆಸರಿಟ್ಟಿದ್ದಿಲ್ಲ ಅಂದ್ರ ಮರೀತಿದ್ದೆನೋ ಏನೋ. ಈಗ ನೀ ಹೋಗಿ ಮುಖ ತೊಳಕೊಂಡು ಬಾ. ಮುಂದಿನ ಹತ್ತು ನಿಮಿಷ ನಿಂದು.”

ನಾನು ಅವರ ಕಾಲ ಮೇಲೆ ಬಿದ್ದೆ. ಅವರು ಒಂದು ಕೈಯಿಂದ ನನ್ನ ಬೆನ್ನು ಸವರುತ್ತಿದ್ದರು, ಇನ್ನೊಂದು ಕೈ ಚಮಚ ಬಿಡಲಿಲ್ಲ. ಆಗಲೇ ತೆಲುಗಿನ ಮಾತನ್ನು ಹೇಳಿದೆ. ಅವರು ಕೂಸಿನ ಬಾಯಿ ಒರೆಸಿ, “ಅವನಿಗಿ ಹೇಳು. ಗಂಡಸಿಗೂ ಗೊತ್ತಾಗ್ಲಿ. ಒಬ್ಬಾಕಿ ಹೊರೂದಲ್ಲ ಇದು,” ಅಂದರು.

ಅತ್ತೆ ಈ ಮಧ್ಯಾಹ್ನದ ಸಂಗತಿಯನ್ನು ಸಾಯುವ ತನಕ ಯಾರಿಗೂ ಹೇಳಲಿಲ್ಲ, ತಮ್ಮ ಮಗನಿಗೂ. ನಮ್ಮವರಿಗೆ ನಾನೇ ಹೇಳಿದ್ದು, ಎಷ್ಟೋ ವರ್ಷಗಳ ಮೇಲೆ.

ಭೇದಿ ನಿಂತ ಮೂರನೆಯ ದಿನ ಸಂಜೆ, ಅವರು ಮೆಟ್ಟಿಲ ಮೇಲೆ ಕೂತು ಬೂಟು ಬಿಚ್ಚುತ್ತಿದ್ದಾಗ ತೆಲುಗಿನ ಮಾತು ತೆಗೆದೆ. “ಆ ಮಾತು ಕನ್ನಡ ಅಲ್ರಿ. ತೆಲುಗಿನ್ಯಾಗ ನಡವದು ಅಂದ್ರ ನಡಿಯಂಗಿಲ್ಲ ಅಂತ.”

ಅವರ ಕೈ ಬೂಟಿನ ದಾರದ ಮೇಲೆ ನಿಂತಿತು. “ನಿಂಗ ಅವತ್ತೇ ಗೊತ್ತಿತ್ತು?”

“ಹ್ಞೂಂ.”

“ಎಲ್ಲಾರಿಗೂ ಹೇಳ್ಕೋತ ತಿರುಗಿದೆನಲ್ಲ ನಾ. ನೋಡ್ಕೋತ ಕುಂತಿ.”

ಎದ್ದು ಹೊರಗೆ ಹೋದರು. ಎರಡು ದಿನ ನನ್ನ ಜೊತೆ ಮಾತಿಲ್ಲ, ಕೂಸನ್ನು ಎತ್ತಲಿಲ್ಲ. ಆ ಎರಡು ದಿನ ನಾನು ಚಮಚ ಕೆಳಗಿಟ್ಟ ಮಧ್ಯಾಹ್ನಕ್ಕಿಂತ ಹೆಚ್ಚು ಹೆದರಿದ್ದೆ. ಮೂರನೆಯ ದಿನ ಎರಡು ಬಿದಿರಿನ ಗಳ ಹೊತ್ತುಕೊಂಡು ಬಂದರು. ಹಿತ್ತಲಲ್ಲಿ ನೆಲ ಅಗೆದು ನಾಲ್ಕು ಗೂಟ ನೆಟ್ಟು, ಸಣ್ಣ ಮಕ್ಕಳ ಎದೆಯೆತ್ತರಕ್ಕೆ ಆ ಗಳಗಳನ್ನು ಎರಡೂ ಕಡೆ ಹಿಡಿದು ನಡೆಯುವ ಹಾಗೆ ಅಕ್ಕಪಕ್ಕ ಕಟ್ಟತೊಡಗಿದರು. ನಾನು ಹೋಗಿ ಹಗ್ಗದ ತುದಿ ಹಿಡಿದುಕೊಂಡೆ.

“ಡಾಕ್ಟರು ಅಂದದ್ದು ತೆಲುಗಿನ್ಯಾಗ,” ಅಂದರು, ಗಂಟು ಬಿಗಿಯುತ್ತ. “ನಮ್ ಕೂಸಿಗಿ ತೆಲುಗು ಎಲ್ಲಿ ಬರ್ತದ?”

ನನಗೆ ನಗು ಬಂತು. ಅವರಿಗೂ ಬಂತು. ಹಗ್ಗ ಹಿಡಿದುಕೊಂಡೇ ಇಬ್ಬರೂ ಅತ್ತೆವು.

ಅಲ್ಲಿಗೆ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮುಂದಿನ ನಾಲ್ಕು ವರ್ಷ ಹಿಂದಿನದಕ್ಕಿಂತ ಕಷ್ಟದವು. ಕಸರತ್ತೆಂದರೆ ದಿನಕ್ಕೆ ಐದು ಸಲ ಬಿಗಿದ ಕಾಲನ್ನು ಎಳೆದು ಅಗಲಿಸುವುದು. ಅವಳು ಚೀರುತ್ತಿದ್ದಳು. ಓಣಿಯವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಹೆತ್ತ ಕೂಸನ್ನು ದಿನಾ ನೋಯಿಸಲು ಎದ್ದು ಕೂರುವುದಕ್ಕೆ ಏನೆಂದು ಹೆಸರಿಡಬೇಕೋ ನನಗೆ ಇನ್ನೂ ತಿಳಿದಿಲ್ಲ. ಎರಡನೆಯ ವರ್ಷ ಫಿಟ್ಸ್ ಬಂತು. ಅದರ ಔಷಧದಿಂದ ಇಡೀ ದಿನ ಮಂಪರು. ಕಲಿತಿದ್ದ ಎರಡು ಮಾತೂ ಹೋದವು. ಮತ್ತೆ ‘ನೀರು’ ಎಂದು ಕೇಳಲು ಮೂರು ವರ್ಷ ತುಂಬಬೇಕಾಯಿತು. ಎಡಗಣ್ಣು ಒಳಗೆ ಹೊರಳಿತ್ತು. ‘ಇನ್ನೊಂದು ಮಾಡ್ಕೋರಿ, ಇದರ ಫಿಕರ್ ಕಮ್ಮಿ ಆಗ್ತದ’ ಎಂದು ಹೇಳದವರೇ ಇಲ್ಲ. ಪ್ರತಿ ಸಲ ಅತ್ತೆಯೇ ಅವರ ಬಾಯಿ ಮುಚ್ಚಿಸಿದರು. ಭಾಗ್ಯಳಿಗೆ ನಾಲ್ಕು ತುಂಬಿದಾಗ ಅತ್ತೆ ತೀರಿಕೊಂಡರು. ಅವಳು ನಿಂತದ್ದನ್ನು ಅವರು ನೋಡಲಿಲ್ಲ.

ಹೈದರಾಬಾದಿಗೆ ನಾವು ಮತ್ತೆ ಹೋಗಲಿಲ್ಲ. ಆ ಕಪ್ಪು ಫೋಟೋವನ್ನು ಗುಲ್ಬರ್ಗಾದ ಡಾಕ್ಟರು ಪ್ರತಿ ಸಲ ಬೆಳಕಿಗೆ ಹಿಡಿಯುತ್ತಿದ್ದರು, ಆಮೇಲೆ ಅವಳನ್ನು ನೋಡುತ್ತಿದ್ದರು. “ಈ ಫೋಟೋದಾಗ ಏನು ಹೋಗ್ಯಾದ ಅಂತ ಕಾಣ್ತದ. ಉಳಿದದ್ದು ಏನೇನು ಮಾಡ್ತದ ಅಂತ ಕಾಣಂಗಿಲ್ಲ,” ಅಂದರು ಒಮ್ಮೆ. ಅಷ್ಟು ವರ್ಷಗಳಲ್ಲಿ ಡಾಕ್ಟರೊಬ್ಬರ ಬಾಯಿಂದ ನನಗೆ ಸಿಕ್ಕ ಮಾತು ಇದೊಂದೇ, ನಿದ್ದೆ ಮಾಡಲು ಬಿಟ್ಟದ್ದು.

ಈಗ ಭಾಗ್ಯ ದೊಡ್ಡವಳು. ಕೋಲು ಹಿಡಿದು ನಡೆಯುತ್ತಾಳೆ. ಎಡಗಾಲು ಎಳೆಯುತ್ತದೆ, ಚಳಿಗೆ ಬಿಗಿಯುತ್ತದೆ. ನಿಧಾನವಾಗಿ ಓದುತ್ತಾಳೆ, ಲೆಕ್ಕ ಬರುವುದಿಲ್ಲ. ಫಿಟ್ಸಿನ ಗುಳಿಗೆ ಇನ್ನೂ ನಿಂತಿಲ್ಲ. ನಾನು ಸತ್ತರೆ ಯಾರು ಎಂಬ ಪ್ರಶ್ನೆಯೂ ನಿಂತಿಲ್ಲ. ಅದಕ್ಕೆ ಉತ್ತರ ಗೊತ್ತಿದ್ದರೆ ಇಲ್ಲಿ ಬರೆಯುತ್ತಿದ್ದೆ. ಆ ಮೇ ತಿಂಗಳ ಮಧ್ಯಾಹ್ನವನ್ನು ಅವಳಿಗೆ ನಾನು ಹೇಳಿಲ್ಲ. ಇದನ್ನು ಅವಳು ಓದುತ್ತಾಳೆ ಎಂದು ಗೊತ್ತಿದ್ದೂ ಬರೆದಿದ್ದೇನೆ.

ಒಂದು ದಿನದ ವಿಷಯ ಹೇಳಿ ಮುಗಿಸುತ್ತೇನೆ. ಅವಳಿಗೆ ಆರು ವರ್ಷ. ಭಾನುವಾರದ ಬೆಳಿಗ್ಗೆ. ಹೊರಗಿನ ಕೋಣೆಯಲ್ಲಿ ಗೋಡೆ ಹಿಡಿದು ನಿಂತಿದ್ದಳು. ನಾನು ಎದುರಿಗೆ ಎರಡೂ ಕೈ ಚಾಚಿಕೊಂಡು, ಬೀಳುತ್ತಾಳೆಂದು ಬಾಗಿ ನಿಂತಿದ್ದೆ. ಒಂದು ಹೆಜ್ಜೆ ಇಟ್ಟಳು, ಬಿದ್ದಳು. ಎತ್ತಿದೆ. ಮತ್ತೆ ಬಿದ್ದಳು. ನಾಲ್ಕನೆಯ ಸಲ ನನ್ನ ಕೈ ತಳ್ಳಿದಳು. ಒಂದೊಂದೇ ಶಬ್ದ ಹೆಕ್ಕಿ ಹೆಕ್ಕಿ ಅಂದಳು:

“ಅವ್ವಾ. ನೀ ಹೊರಗ ಹೋಗು. ನೀ ನೋಡಿದ್ರ ನಾ ಬೀಳ್ತೀನಿ.”

ಅಷ್ಟುದ್ದ ಮಾತನ್ನು ಅವಳು ಅಲ್ಲಿಯ ತನಕ ಆಡಿರಲಿಲ್ಲ. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಬಾಗಿಲಿಗೆ ಬೆನ್ನು ಮಾಡಿ ನಿಂತೆ. ಒಳಗೆ ಧಪ್ಪೆಂದು ಸಪ್ಪಳವಾಯಿತು. ಫರಸಿ ಕಲ್ಲಿನ ನೆಲ. ನನ್ನ ಕುತ್ತಿಗೆ ತಾನಾಗಿ ಹೊರಳಲು ಹೋಯಿತು, ಬಾಗಿಲ ಚೌಕಟ್ಟು ಹಿಡಿದು ತಡೆದುಕೊಂಡೆ. ಮತ್ತೊಂದು ಸಪ್ಪಳ. ಈ ಸಲ ಅತ್ತಳು. ಅಳು ಸಣ್ಣದಾಗುತ್ತ ನಿಂತಿತು. ಆಮೇಲೆ ಏನೂ ಕೇಳಲಿಲ್ಲ. ಹಣೆ ಒಡೆಯಿತೇ? ಫಿಟ್ಸ್ ಬಂತೇ? ಖಾಜಾಬಿ ತಮ್ಮ ಬಾಗಿಲಿಂದ ನನ್ನನ್ನೇ ನೋಡುತ್ತಿದ್ದರು. ಅವರ ಕಣ್ಣು ನನ್ನ ಭುಜ ದಾಟಿ ಒಳಗೆ ಹೋಯಿತು, ಅಲ್ಲೇ ನಿಂತಿತು. ಆದರೂ ನಾನು ತಿರುಗಲಿಲ್ಲ.

ಹಿಂದಿನಿಂದ ನನ್ನ ಸೀರೆ ಜಗ್ಗಿತು. ಎರಡು ಮುಷ್ಟಿ, ಬಿಗಿಯಾಗಿ.

“ಈಗ ನೋಡು,” ಅಂದಳು.